ಕೈ ಹಾಕುವವರ ಕಿಸೆಯಲ್ಲೇ ಕೀ: ಗೋವಿನಜೋಳದ ಹೆಡ್ಡರ್ ಬಗ್ಗೆ ಕೊಯ್ಲಿನ ಮುಂಚೆ ಆಡಿದ ಮಾತು

(ರಾಣೆಬೆನ್ನೂರು ತಾಲೂಕಿನ ಒಂದು ಹಳ್ಳಿಯ ಸಮುದಾಯ ಭವನದಲ್ಲಿ ರೈತರು, ಮಷಿನ್ ಮಾಲೀಕರು ಮತ್ತು ಡ್ರೈವರ್‌ಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದೆ ಕೂತಿರುವ ಹಿರಿಯರಿಗೆ, ಹಿಂದೆ ಗೋಡೆಗೆ ಒರಗಿ ನಿಂತಿರುವ ಡ್ರೈವರ್ ತಮ್ಮಂದಿರಿಗೆ, ಬಾಗಿಲ ಹತ್ತಿರ ಕೂತಿರುವ ಅಕ್ಕಂದಿರಿಗೆ. ಅಕ್ಕಂದಿರು ಬಂದದ್ದು ಬಹಳ ಒಳ್ಳೆಯದಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮ ಹಾವೇರಿ ಜಿಲ್ಲೆಯಲ್ಲಿ ಮುಂಗಾರು ಅಂದರೆ ಗೋವಿನಜೋಳ. ಜೂನ್‌ನಲ್ಲಿ ಎಲ್ಲರೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಬಿತ್ತುತ್ತೇವೆ, ಹಾಗಾಗಿ ಅಕ್ಟೋಬರ್ ನವೆಂಬರ್‌ನಲ್ಲಿ ಎಲ್ಲರ ಹೊಲವೂ ಒಟ್ಟಿಗೇ ಒಣಗಿ ನಿಲ್ಲುತ್ತದೆ. ಆಳು ಸಿಗುವುದಿಲ್ಲ. ಆಕಾಶದಲ್ಲಿ ಮೋಡ. ಮೊದಲು ತೆನೆ ಮುರಿದು, ಕಣಕ್ಕೆ ಸಾಗಿಸಿ, ಕಾಳು ಬಿಡಿಸುವ ರಾಶಿ ಮಷಿನ್‌ಗೆ ಹಾಕುತ್ತಿದ್ದೆವು. ಈಗ ಹಾರ್ವೆಸ್ಟರ್ ಬಂದು ಹೊಲದಲ್ಲೇ ಕಾಳು ಮಾಡಿ ಟ್ರೇಲರ್‌ಗೆ ಸುರಿದು ಹೋಗುತ್ತದೆ. ಕೆಲಸ ಹಗುರಾಯಿತು, ಅದರಲ್ಲಿ ಎರಡು ಮಾತಿಲ್ಲ. ನಾನು ಮಷಿನ್ ವಿರೋಧಿ ಅಲ್ಲ. ಆದರೆ ಆ ಮಷಿನ್ ಮುಂದೆ ಕಟ್ಟುವ ಹೆಡ್ಡರ್ ಇದೆಯಲ್ಲ, ಸಾಲು ಹಿಡಿದು ತೆನೆ ಕೀಳುವ ಆ ಮೂತಿ ಮೂತಿಯ ಭಾಗ, ಅದರ ಬಗ್ಗೆ ಯಾರೂ ಕೂತು ವಿವರವಾಗಿ ಮಾತಾಡುವುದಿಲ್ಲ. ಬಾಡಿಗೆ ಎಷ್ಟು ಅಂತ ಮಾತಾಡುತ್ತೇವೆ, ಅಷ್ಟೇ.

ಅದು ಕೆಲಸ ಮಾಡುವ ರೀತಿಯನ್ನು ಮೊದಲು ನೋಡೋಣ. ಅದು ತಿಳಿದರೆ ಉಳಿದದ್ದು ತಾನಾಗಿಯೇ ತಿಳಿಯುತ್ತದೆ.

ಎರಡು ಮೂತಿಗಳ ನಡುವೆ ಒಂದು ಸಾಲು ಒಳಗೆ ಬರುತ್ತದೆ. ಎರಡೂ ಕಡೆ ಹಲ್ಲಿನ ಚೈನ್ ಇರುತ್ತದೆ, ಅದು ಗಿಡವನ್ನು ಹಿಂದಕ್ಕೆ ಒಯ್ಯುತ್ತದೆ. ಚೈನ್ ಕೆಳಗೆ ಎರಡು ಕಬ್ಬಿಣದ ಪ್ಲೇಟು, ನಡುವೆ ಸಂದಿ. ಆ ಪ್ಲೇಟಿನ ಕೆಳಗೆ ಎರಡು ಉದ್ದನೆಯ ರೋಲರ್. ಕಬ್ಬಿನ ಹಾಲಿನ ಗಾಣ ಕಬ್ಬನ್ನು ಎಳೆದುಕೊಳ್ಳುತ್ತದಲ್ಲ, ಹಾಗೆ ಈ ರೋಲರ್‌ಗಳು ದಂಟನ್ನು ಕೆಳಕ್ಕೆ ಎಳೆದುಕೊಳ್ಳುತ್ತವೆ. ದಂಟು ಸಂದಿಯಲ್ಲಿ ಇಳಿಯುತ್ತದೆ, ತೆನೆ ದಪ್ಪ ಇರುವುದರಿಂದ ಪ್ಲೇಟಿಗೆ ತಾಗಿ ಮುರಿದು ಮೇಲೇ ಉಳಿಯುತ್ತದೆ. ಚೈನ್ ಆ ತೆನೆಯನ್ನು ಹಿಂದಿನ ದೊಡ್ಡ ಸ್ಕ್ರೂಗೆ ಕೊಡುತ್ತದೆ, ಸ್ಕ್ರೂ ನಡುವಿಗೆ ತಂದು ಮಷಿನ್ ಹೊಟ್ಟೆಗೆ ತಳ್ಳುತ್ತದೆ.

ಈಗ ವೇಗ ನೋಡಿ. ಅಮೆರಿಕದ ಅಯೋವಾ, ಇಲಿನಾಯ್ ಕಡೆ ನಮಗಿಂತ ಎಷ್ಟೋ ಮೊದಲೇ ಗೋವಿನಜೋಳ ಕೀಳುವ ಮಷಿನ್ ಬಂತು. ಅಲ್ಲಿ ರೈತರು ಬೆರಳು, ಕೈ, ತೋಳು ಕಳೆದುಕೊಂಡು ಕಲಿತ ಒಂದು ಲೆಕ್ಕ ಇದೆ, ಅಲ್ಲಿನ ಸುರಕ್ಷತೆಯ ಪಾಠಗಳಲ್ಲಿ ಇವತ್ತಿಗೂ ಹೇಳಿಕೊಡುತ್ತಾರೆ. ರೋಲರ್ ದಂಟನ್ನು ಸೆಕೆಂಡಿಗೆ ಸುಮಾರು 12 ಅಡಿ ಎಳೆಯುತ್ತದೆ. ನೀವು ಸಿಕ್ಕಿಕೊಂಡ ದಂಟು ಹಿಡಿದು ಜಗ್ಗುತ್ತಿದ್ದೀರಿ ಅಂದುಕೊಳ್ಳಿ. ರೋಲರ್ ಅದನ್ನು ಗಬಕ್ಕನೆ ಹಿಡಿಯಿತು. "ಬಿಡಬೇಕು" ಅಂತ ನಿಮ್ಮ ತಲೆಗೆ ಹೊಳೆದು, ಬೆರಳು ಬಿಚ್ಚಿಕೊಳ್ಳಲು ಅರ್ಧ ಸೆಕೆಂಡು ಬೇಕು. ಅರ್ಧ ಸೆಕೆಂಡಿನಲ್ಲಿ ದಂಟು 6 ಅಡಿ ಹೋಗಿರುತ್ತದೆ. ನಿಮ್ಮ ಕೈ ಇದ್ದದ್ದು ರೋಲರ್‌ನಿಂದ ಎರಡೋ ಮೂರೋ ಅಡಿ ದೂರದಲ್ಲಿ. ಚುರುಕಾಗಿರುವವರು ತಪ್ಪಿಸಿಕೊಳ್ಳುತ್ತಾರೆ ಅನ್ನುವ ಮಾತೇ ಇಲ್ಲ. ಇಪ್ಪತ್ತು ವರ್ಷದ ಹುಡುಗನ ಕೈಯೂ ಬರುವುದಿಲ್ಲ, ಅನುಭವ ಇರುವವರ ಕೈಯೂ ಬರುವುದಿಲ್ಲ. ಯಾರಾದರೂ "ನಾನು ಹುಷಾರಾಗಿ ತೆಗೀತೀನಿ" ಅಂದರೆ ಅವರಿಗೆ ಈ ಲೆಕ್ಕ ಹೇಳಿ.

ರಾಶಿ ಮಷಿನ್ ಕಥೆ ಹಿರಿಯರಿಗೆ ನೆನಪಿರಬೇಕು. ಪೈರು ಕೊಡುವಾಗ ಎಷ್ಟೋ ಜನ ಕೈ ಕಳೆದುಕೊಂಡರು. 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯೇ ಬಂತು. ಪೈರು ಕೊಡುವ ಬಾಯಿಯನ್ನು ಉದ್ದ ಮಾಡಿ ಮೇಲೆ ಮುಚ್ಚಿದರು, ಕೈ ಒಳಗಿನ ಡ್ರಮ್ಮಿಗೆ ಮುಟ್ಟಬಾರದು ಅಂತ. ಹೆಡ್ಡರ್‌ಗೆ ಆ ಥರ ಬಾಯಿ ಮುಚ್ಚಲು ಬರುವುದಿಲ್ಲ. ಬೆಳೆ ಒಳಗೆ ಬರಬೇಕು, ಹಾಗಾಗಿ ಮುಂಭಾಗ ತೆರೆದೇ ಇರಬೇಕು. ಅಲ್ಲಿ ಕೈಗೂ ರೋಲರ್‌ಗೂ ನಡುವೆ ಇರುವುದು ನಾವು ಪಾಲಿಸುವ ನಿಯಮ ಒಂದೇ.

ಆ ನಿಯಮ ಇದು. ಹೆಡ್ಡರ್ ಒಳಗೆ ಯಾರು ಕೈ ಹಾಕುತ್ತಾರೋ ಅವರ ಕಿಸೆಯಲ್ಲೇ ಮಷಿನ್ ಕೀ ಇರಬೇಕು. ಡ್ರೈವರ್ ಹತ್ತಿರ ಅಲ್ಲ, ಮಷಿನ್‌ನಲ್ಲೂ ಅಲ್ಲ. ಹೆಲ್ಪರ್ ಹುಡುಗ ಇಳಿದು ದಂಟು ತೆಗೆಯುತ್ತಾನೆ ಅಂದರೆ ಡ್ರೈವರ್ ಎಂಜಿನ್ ಬಂದ್ ಮಾಡಿ, ಕೀ ತೆಗೆದು, ಹುಡುಗನ ಕೈಗೆ ಕೊಡಬೇಕು. ಹುಡುಗ ಕೀ ವಾಪಸ್ ತಂದುಕೊಟ್ಟ ಮೇಲೆಯೇ ಸ್ಟಾರ್ಟ್. ಹೆಡ್ಡರ್‌ನ ಲಿವರ್ ಬಂದ್ ಮಾಡಿದ್ದೇನೆ, ಎಂಜಿನ್ ಮಾತ್ರ ಚಾಲೂ ಇದೆ ಅಂದರೆ ಸಾಲದು. ಲಿವರ್‌ಗೆ ಮೊಣಕಾಲು ತಾಗಬಹುದು, ಬೆಲ್ಟ್ ಜಗ್ಗಿಕೊಂಡು ತಿರುಗುತ್ತಿರಬಹುದು, ಸೀಟಿನಲ್ಲಿ ಬೇರೆ ಯಾರೋ ಬಂದು ಕೂತು ಏನೋ ಒತ್ತಬಹುದು. ಟ್ರ್ಯಾಕ್ಟರ್‌ಗೆ ಹಚ್ಚುವ ಹೆಡ್ಡರ್ ಆದರೂ ಇದೇ ಮಾತು: ಪಿಟಿಒ (ಟ್ರ್ಯಾಕ್ಟರ್ ಎಂಜಿನ್‌ನಿಂದ ಹೆಡ್ಡರ್‌ಗೆ ಶಕ್ತಿ ಕೊಡುವ ತಿರುಗುವ ಶಾಫ್ಟ್) ಬಂದ್, ಎಂಜಿನ್ ಬಂದ್, ಕೀ ಕಿಸೆಗೆ. ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಕೀ ಕೆಟ್ಟು ವೈರ್ ಜೋಡಿಸಿ ಸ್ಟಾರ್ಟ್ ಮಾಡುವುದನ್ನು ನೋಡಿದ್ದೇನೆ. ಅಂಥ ಟ್ರ್ಯಾಕ್ಟರ್ ಉಳುಮೆಗೆ ಏನಾದರೂ ಮಾಡಿಕೊಳ್ಳಿ, ಹೆಡ್ಡರ್ ಮಾತ್ರ ಹಚ್ಚಬೇಡಿ.

ಎಂಜಿನ್ ಬಂದ್ ಆದ ಮೇಲೂ ಎರಡು ವಿಷಯ ಇವೆ. ಒಂದು, ತಿರುಗುವ ಭಾಗ ಎಲ್ಲ ಪೂರ್ತಿ ನಿಲ್ಲುವ ತನಕ ಕಾಯಬೇಕು. ಇನ್ನೊಂದು, ಸಿಕ್ಕಿಕೊಂಡಿರುವ ರೋಲರ್‌ನಲ್ಲಿ ಬಿಗಿ ಉಳಿದಿರುತ್ತದೆ. ದಂಟು ಕೊಯ್ದ ತಕ್ಷಣ ರೋಲರ್ ಅರ್ಧ ಸುತ್ತು ಜಿಗಿಯಬಹುದು, ಬೆರಳು ಹೋಗಲು ಅಷ್ಟು ಸಾಕು. ಅದಕ್ಕೆ ಉದ್ದ ಹಿಡಿಕೆಯ ಕೊಕ್ಕೆ ಮಾಡಿಸಿಕೊಳ್ಳಿ, ಊರಿನ ಕಮ್ಮಾರರೇ ಮಾಡಿಕೊಡುತ್ತಾರೆ. ಕೊಕ್ಕೆಯಿಂದ ಜಗ್ಗಿ, ಕುಡುಗೋಲಿನಿಂದ ಕೊಯ್ಯಿರಿ. ಕೊಕ್ಕೆ ಕೂಡ ಮಷಿನ್ ನಿಂತಾಗ ಮಾತ್ರ. ತಿರುಗುವ ರೋಲರ್‌ಗೆ ಕೊಕ್ಕೆ ಕೊಟ್ಟರೆ ಅದು ನಿಮ್ಮನ್ನೇ ಎಳೆಯುತ್ತದೆ.

ಹೆಡ್ಡರ್ ಕೆಳಗೆ ಹೋಗಬೇಕಾದರೆ ಅದನ್ನು ಎತ್ತುವ ಹೈಡ್ರಾಲಿಕ್ ಸಿಲಿಂಡರ್ ಮೇಲಿನ ಸೇಫ್ಟಿ ಲಾಕ್ ಇಳಿಸಿ. ಲಾಕ್ ಇಲ್ಲದಿದ್ದರೆ ದಪ್ಪ ಮರದ ದಿಮ್ಮಿ ಕೊಡಿ. ಬರೀ ಹೈಡ್ರಾಲಿಕ್ ನಂಬಿ ಕೆಳಗೆ ಮಲಗಬೇಡಿ, ಒಂದು ಪೈಪು ಒಡೆದರೆ ಅಷ್ಟೂ ಭಾರ ಎದೆ ಮೇಲೆ ಬರುತ್ತದೆ. ಪೈಪಿನಲ್ಲಿ ಸಣ್ಣಗೆ ಸೋರುತ್ತಿದೆಯಾ ಅಂತ ಕೈಯಿಂದ ಸವರಿ ನೋಡುವ ಅಭ್ಯಾಸ ಬಹಳ ಜನಕ್ಕಿದೆ. ಅದನ್ನು ಬಿಟ್ಟುಬಿಡಿ. ಒತ್ತಡದಲ್ಲಿ ಹೊರಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗಾಯ ಕಾಣುತ್ತದೆ, ಒಳಗೆ ಮಾಂಸ ಸಾಯುತ್ತಾ ಹೋಗುತ್ತದೆ, ಬೇಗ ಆಪರೇಷನ್ ಆಗದಿದ್ದರೆ ಕೈಯೇ ತೆಗೆಯಬೇಕಾಗಬಹುದು. ರಟ್ಟಿನ ತುಂಡು ಹಿಡಿದು ನೋಡಿ, ಎಣ್ಣೆ ಅದರ ಮೇಲೆ ಕಾಣುತ್ತದೆ.

ಇಷ್ಟು ಗೊತ್ತಿದ್ದೂ ಜನ ಯಾಕೆ ಚಾಲೂ ಮಷಿನ್‌ಗೆ ಕೈ ಹಾಕುತ್ತಾರೆ? ಇದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಡ್ರೈವರ್‌ಗಳು ದಡ್ಡರಲ್ಲ. ಕಾರಣ ಬಾಡಿಗೆಯ ಲೆಕ್ಕದಲ್ಲಿದೆ. ಗಂಟೆಗೆ ಇಷ್ಟು ಅಂತ ಮಾತಾಡಿಕೊಂಡಿರುತ್ತೇವೆ. ದಂಟು, ಎಲೆ ಸಿಕ್ಕಿ ಹೆಡ್ಡರ್ ಕಟ್ಟಿಕೊಂಡು ನಿಂತಿತು ಅಂದರೆ ಗಂಟೆ ಓಡುತ್ತಿರುತ್ತದೆ, ಹೊಲದ ಮಾಲೀಕರಿಗೆ ಹೊಟ್ಟೆಯಲ್ಲಿ ಸಂಕಟ. ಬದುವಿನ ಮೇಲೆ ನಿಂತು "ಏ ತಮ್ಮಾ, ಲಗೂನ ತಗಿಯೋ, ಟೈಮ್ ಹೊಂಟತಿ" ಅಂತ ಕೂಗುತ್ತಾರೆ. ಆ ಕಡೆ ಮುಂದಿನ ಹೊಲದವರ ಫೋನ್ ಬರುತ್ತಿರುತ್ತದೆ. ಹುಡುಗ ಎಂಜಿನ್ ಬಂದ್ ಮಾಡದೆ ಜಿಗಿಯುತ್ತಾನೆ. ಎಕರೆ ಲೆಕ್ಕದ ಬಾಡಿಗೆ ಆದರೆ ಅವಸರ ಮಷಿನ್ ಮಾಲೀಕರಿಗೆ, ಗಂಟೆ ಲೆಕ್ಕ ಆದರೆ ರೈತರಿಗೆ. ಹೇಗಾದರೂ ಕೈ ಹೋಗುವುದು ಹುಡುಗನದು.

ಅದಕ್ಕೆ ನನ್ನದೊಂದು ಕೋರಿಕೆ. ಈ ವರ್ಷ ಬಾಡಿಗೆ ಮಾತಾಡುವಾಗಲೇ ಒಂದು ಮಾತು ಸೇರಿಸಿ: ಕಟ್ಟಿಕೊಂಡ ಹೆಡ್ಡರ್ ಬಿಡಿಸುವ ಹೊತ್ತು ಬಾಡಿಗೆಯಲ್ಲಿ ಲೆಕ್ಕ ಇಲ್ಲ. ಎಂಜಿನ್ ಬಂದ್ ಆದರೆ ಗಂಟೆಯೂ ಬಂದ್. ಮಷಿನ್‌ನಲ್ಲಿ ಗಂಟೆ ಮೀಟರ್ ಇದ್ದರೆ ಅದನ್ನೇ ನೋಡಿ ಲೆಕ್ಕ ಮಾಡಿ. ಎಂಜಿನ್ ನಿಂತಾಗ ಅದೂ ನಿಲ್ಲುತ್ತದೆ, ಜಗಳವೇ ಇಲ್ಲ. ಮಾಲೀಕರಿಗೆ ನಷ್ಟ ಅಲ್ವಾ ಅಂತ ಕೇಳಬಹುದು. ಹೌದು, ಸ್ವಲ್ಪ ನಷ್ಟ. ಆ ನಷ್ಟ ಕಡಿಮೆ ಮಾಡಲು ಅವರ ಕೈಯಲ್ಲೇ ದಾರಿ ಇದೆ, ಹೆಡ್ಡರ್ ಸರಿಯಾಗಿ ಇಟ್ಟುಕೊಂಡರೆ ಅದು ಕಟ್ಟಿಕೊಳ್ಳುವುದೇ ಕಡಿಮೆ. ಕಟ್ಟಿಕೊಳ್ಳದ ಹೆಡ್ಡರ್‌ಗೆ ಯಾರೂ ಕೈ ಹಾಕುವುದಿಲ್ಲ. ಹಾಗಾಗಿ ನಿರ್ವಹಣೆ ಬೇರೆ, ಸುರಕ್ಷತೆ ಬೇರೆ ಅಂತ ನಾನು ಒಪ್ಪುವುದಿಲ್ಲ.

ಕಟ್ಟಿಕೊಳ್ಳುವ ಕಾರಣಗಳಲ್ಲಿ ಮೊದಲನೆಯದು ಬಿತ್ತನೆಯಲ್ಲೇ ಇದೆ. ನಮ್ಮಲ್ಲಿ ಸಾಲಿನಿಂದ ಸಾಲಿಗೆ 60 ಸೆಂ.ಮೀ., ಅಂದರೆ ಎರಡು ಅಡಿ ಇಟ್ಟು ಬಿತ್ತುವುದು ರೂಢಿ. ಬಂದ ಹೆಡ್ಡರ್ 75 ಸೆಂ.ಮೀ. ಸಾಲಿನದಾಗಿದ್ದರೆ ಮೂತಿ ಸಾಲಿನ ಮೇಲೇ ಹತ್ತುತ್ತದೆ. ಗಿಡ ಓರೆಯಾಗಿ ಒಳಗೆ ಬರುತ್ತದೆ, ತೆನೆ ಹೊರಗೆ ಬೀಳುತ್ತದೆ, ದಂಟು ಮುರಿದು ಚೈನ್ ಮೇಲೆ ರಾಶಿ ಬೀಳುತ್ತದೆ. ಹಾರ್ವೆಸ್ಟರ್‌ನಲ್ಲೇ ಕೊಯ್ಲು ಅಂತ ಮೊದಲೇ ಗೊತ್ತಿದ್ದರೆ ಜೂನ್‌ನಲ್ಲೇ ಮಾಲೀಕರಿಗೆ ಫೋನ್ ಮಾಡಿ ಹೆಡ್ಡರ್ ಅಳತೆ ಕೇಳಿ, ಕೂರಿಗೆಯನ್ನೋ ಟ್ರ್ಯಾಕ್ಟರ್ ಬಿತ್ತನೆ ಯಂತ್ರವನ್ನೋ ಅದಕ್ಕೆ ಹೊಂದಿಸಿ. ಎಲ್ಲ ಹೆಡ್ಡರ್‌ನಲ್ಲೂ ಅಳತೆ ಬದಲಿಸಲು ಬರುವುದಿಲ್ಲ.

ಎರಡನೆಯದು ಪ್ಲೇಟಿನ ಸಂದಿ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ, ಯಾಕೆಂದರೆ ದುಡ್ಡೂ ಇಲ್ಲೇ ಹೋಗುತ್ತದೆ. ಸಂದಿ ಅಗಲ ಜಾಸ್ತಿ ಆದರೆ ತೆನೆಯ ಬುಡ ರೋಲರ್‌ಗೆ ತಾಗಿ ಕಾಳು ಉದುರುತ್ತದೆ, ಸಣ್ಣ ತೆನೆ ಪೂರ್ತಿ ಕೆಳಗೆ ಹೋಗುತ್ತದೆ. ಸಂದಿ ಇಕ್ಕಟ್ಟಾದರೆ ದಂಟು ಇಳಿಯದೆ ಮುರಿದು, ಎಲೆ ಸಿಪ್ಪೆ ಎಲ್ಲ ಒಳಗೆ ಹೋಗಿ ಕಟ್ಟಿಕೊಳ್ಳುತ್ತದೆ. ಹೊಲಕ್ಕೆ ಇಳಿಯುವ ಮೊದಲು ನಾಲ್ಕು ಕಡೆಯ ದಂಟು ಮುರಿದು ದಪ್ಪ ನೋಡಿ, ತೆನೆಯ ಬುಡದ ದಪ್ಪ ನೋಡಿ, ಎರಡರ ನಡುವೆ ಸಂದಿ ಇಡಿ. ಮುಂದಿನ ತುದಿಗಿಂತ ಹಿಂದಿನ ತುದಿ ಸುಮಾರು 3 ಮಿ.ಮೀ. ಅಗಲ ಇರಲಿ. ಆಗ ದಂಟು ಹಿಂದೆ ಹೋದಂತೆ ಸಿಕ್ಕಿಕೊಳ್ಳದೆ ಸರಾಗವಾಗಿ ಜಾರುತ್ತದೆ. ಎಲ್ಲ ಸಾಲಿಗೂ ಒಂದೇ ಅಳತೆ ಇರಬೇಕು. ಒಂದು ಹೊಲಕ್ಕೆ ಇಟ್ಟದ್ದು ಇನ್ನೊಂದು ತಳಿ ಬಿತ್ತಿದ ಪಕ್ಕದ ಹೊಲಕ್ಕೆ ಸರಿಯಾಗದೆ ಇರಬಹುದು, ಮತ್ತೆ ನೋಡಬೇಕು.

ರೋಲರ್‌ನ ಬ್ಲೇಡ್ ಸವೆದು ಮೊಂಡಾಗಿದ್ದರೆ ದಂಟು ಜಾರುತ್ತದೆ, ಕೆಳಗೆ ಇಳಿಯುವುದಿಲ್ಲ. ಹಳೆ ಹೆಡ್ಡರ್‌ಗಳಲ್ಲಿ ಕಟ್ಟಿಕೊಳ್ಳುವ ದೊಡ್ಡ ಕಾರಣ ಇದೇ. ಬ್ಲೇಡ್ ಬದಲಿಸಲು ಆಗುವ ಖರ್ಚು ನೋಡಿ ಜನ ಮುಂದೂಡುತ್ತಾರೆ. ಚೈನ್ ಹಿಗ್ಗಿ ಸಡಿಲಾದರೆ ಗಿಯರ್ ಹಲ್ಲಿನ ಮೇಲೆ ಹಾರುತ್ತದೆ. ಬಿಗಿ ಮಾಡಿ, ಬಿಗಿ ಮಾಡುವ ಜಾಗ ಮುಗಿದಿದ್ದರೆ ಹೊಸದು ಹಾಕಿ. ಹೊಸ ಚೈನ್ ಹಾಕುವಾಗ ಸವೆದ ಗಿಯರ್ ಚಕ್ರ ಹಾಗೇ ಬಿಟ್ಟರೆ ಚೈನ್ ಒಂದೇ ಸೀಸನ್‌ಗೆ ಹಾಳಾಗುತ್ತದೆ.

ಇನ್ನು ಸ್ಲಿಪ್ ಕ್ಲಚ್. ಸಾಲು ಕಟ್ಟಿಕೊಂಡಾಗ ಟಕ ಟಕ ಅಂತ ಸದ್ದು ಬರುತ್ತದಲ್ಲ, ಅದು ಇದೇ. ಮಷಿನ್ ಮುರಿಯದಂತೆ ಅದು ಜಾರಿ ಕೊಡುತ್ತದೆ. ಆ ಸದ್ದು ಬೇಡ ಅಂತ ಕೆಲವರು ಸ್ಪ್ರಿಂಗ್ ಪೂರ್ತಿ ಬಿಗಿ ಮಾಡುತ್ತಾರೆ, ವೆಲ್ಡಿಂಗ್ ಮಾಡಿಸಿದ್ದನ್ನೂ ನೋಡಿದ್ದೇನೆ. ಆಮೇಲೆ ಗಿಯರ್ ಬಾಕ್ಸ್ ಒಡೆಯುತ್ತದೆ, ಶಾಫ್ಟ್ ಮುರಿಯುತ್ತದೆ. ಸದ್ದು ಬಂದರೆ ನಿಲ್ಲಿಸಿ ಕಾರಣ ಹುಡುಕಿ. ಕ್ಲಚ್ ತನ್ನ ಕೆಲಸ ಮಾಡುತ್ತಿದೆ.

ಓಡಿಸುವ ವೇಗ ಮತ್ತು ರೋಲರ್ ವೇಗ ಕೂಡಿ ಬರಬೇಕು. ಮಷಿನ್ ಜೋರಾಗಿ ಹೋಗಿ ರೋಲರ್ ನಿಧಾನ ಇದ್ದರೆ ಗಿಡ ಮುಂದಕ್ಕೆ ಬಾಗಿ ತೆನೆ ನೆಲಕ್ಕೆ ಬೀಳುತ್ತದೆ. ಮಷಿನ್ ನಿಧಾನ, ರೋಲರ್ ಜೋರು ಅಂದರೆ ತೆನೆ ಪ್ಲೇಟಿಗೆ ಬಡಿದು ಕಾಳು ಸಿಡಿಯುತ್ತದೆ. ಮಳೆ ಗಾಳಿಗೆ ಮಲಗಿದ ಬೆಳೆಯಲ್ಲಿ ನಿಧಾನವೇ ಸರಿ. ಎರಿ (ಕಪ್ಪು ಮಣ್ಣಿನ) ಹೊಲ ಹಸಿ ಇದ್ದಾಗ ಮೂತಿ ನೆಲಕ್ಕೆ ತಾಗಿದರೆ ಮಣ್ಣು ಒಳಗೆ ಹೋಗಿ ಚೈನ್ ಸುತ್ತ ಗಟ್ಟಿಯಾಗುತ್ತದೆ. ಒಂದು ದಿನ ಕಾಯಲು ಸಾಧ್ಯವಿದ್ದರೆ ಕಾಯಿರಿ.

ನಷ್ಟ ಎಷ್ಟು ಅಂತ ಸುಲಭವಾಗಿ ನೋಡಬಹುದು. ಮಷಿನ್ ಹೋದ ಜಾಗದಲ್ಲಿ ಒಂದು ಚದರ ಅಡಿಯಲ್ಲಿ ಬಿದ್ದ ಕಾಳು ಎಣಿಸಿ, ನಾಲ್ಕಾರು ಕಡೆ ಎಣಿಸಿ ಸರಾಸರಿ ತೆಗೆಯಿರಿ. ಚದರ ಅಡಿಗೆ ಎರಡು ಕಾಳು ಅಂದರೆ ಎಕರೆಗೆ ಸುಮಾರು 25 ಕೆಜಿ. ತೆನೆಯಾದರೆ ಗುಂಟೆಗೆ ನಾಲ್ಕು ತೆನೆ, ತೆನೆಗೆ 150 ಗ್ರಾಂ ಕಾಳು ಅಂತ ಹಿಡಿದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. 2025-26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2400 ರೂಪಾಯಿ. ಆ ಲೆಕ್ಕದಲ್ಲಿ ಎಕರೆಗೆ 600 ರೂಪಾಯಿ ಮಣ್ಣಿಗೆ ಹೋಯಿತು. ಮೊದಲ ಎರಡು ಸಾಲು ಹೊಡೆದ ಕೂಡಲೇ ಮಷಿನ್ ನಿಲ್ಲಿಸಿ ಇದನ್ನು ನೋಡಿ. ಹೊಲ ಮುಗಿದ ಮೇಲೆ ಜಗಳ ಮಾಡಿ ಏನೂ ಪ್ರಯೋಜನ ಇಲ್ಲ.

ಈಗ ಅಕ್ಕಂದಿರ ವಿಷಯ. ಬಿದ್ದ ತೆನೆ ಆಯಲು ನೀವೇ ಹೋಗುತ್ತೀರಿ, ಜೊತೆಗೆ ಮಕ್ಕಳೂ ಬರುತ್ತಾರೆ. ಮಷಿನ್ ಹಿಂದೆ ಹಿಂದೆಯೇ ನಡೆಯುತ್ತೀರಿ. ಮಷಿನ್ ಹಿಂದಕ್ಕೆ ಬರುವಾಗ ಡ್ರೈವರ್‌ಗೆ ಹಿಂದೆ ಏನೂ ಕಾಣುವುದಿಲ್ಲ, ಧೂಳು ಬೇರೆ. ದಯವಿಟ್ಟು ಆ ಹೊಲ ಮುಗಿದು ಮಷಿನ್ ಬದು ದಾಟಿದ ಮೇಲೆ ಒಳಗೆ ಇಳಿಯಿರಿ. ನಿಂತ ಬೆಳೆಯೊಳಗೆ ಮಕ್ಕಳು ಆಡುತ್ತಿದ್ದರೆ ಡ್ರೈವರ್‌ಗೆ ಕಾಣುವುದೇ ಇಲ್ಲ, ಆಳೆತ್ತರದ ಬೆಳೆ ಅದು. ಸ್ಟಾರ್ಟ್ ಮಾಡುವ ಮೊದಲು ಮಕ್ಕಳೆಲ್ಲ ಬದುವಿನ ಮೇಲೆ ಇದ್ದಾರಾ ಅಂತ ಎಣಿಸುವ ಕೆಲಸ ಮನೆಯವರೊಬ್ಬರು ವಹಿಸಿಕೊಳ್ಳಿ. ಬಟ್ಟೆಯ ಬಗ್ಗೆಯೂ ಹೇಳಬೇಕು. ಸೆರಗು, ಲುಂಗಿ, ಕೊರಳಿಗೆ ಸುತ್ತಿದ ಟವೆಲ್, ಇವು ತಿರುಗುವ ಶಾಫ್ಟ್ ಹತ್ತಿರ ಇರಬಾರದು. ನಿಮಿಷಕ್ಕೆ 540 ಸುತ್ತಿನಲ್ಲಿ ತಿರುಗುವ ಪಿಟಿಒ ಶಾಫ್ಟ್ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಬಟ್ಟೆಯ ತುದಿ ಸಿಕ್ಕರೆ ಸಾಕು. ಶಾಫ್ಟ್ ಮೇಲಿನ ಪ್ಲಾಸ್ಟಿಕ್ ಕವರ್ ಒಡೆದಿದ್ದರೆ ಹೊಸದು ಹಾಕಿಸದೆ ಕೆಲಸ ಶುರು ಮಾಡಬೇಡಿ.

ಕರೆಂಟ್ ತಂತಿ ಜೋತು ಬಿದ್ದ ಹೊಲಗಳು ನಮ್ಮಲ್ಲಿ ಬಹಳ ಇವೆ. ಕಾಳು ಸುರಿಯುವ ಪೈಪು ಎತ್ತಿದಾಗ ತಾಗುತ್ತದೆ. ಕೊಯ್ಲಿಗೆ ಮೊದಲೇ ಹೊಲ ಸುತ್ತಿ ನೋಡಿ, ಕರೆಂಟ್ ಸಹಾಯವಾಣಿ 1912ಕ್ಕೆ ದೂರು ಕೊಡಿ. ತಂತಿ ತಾಗಿದರೆ ಡ್ರೈವರ್ ಕೆಳಗೆ ಇಳಿಯಬಾರದು, ಒಳಗೇ ಕೂರಬೇಕು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ದೂರ ಜಿಗಿಯಬೇಕು. ಒಂದು ಕೈ ಮಷಿನ್ ಮೇಲೆ, ಒಂದು ಕಾಲು ನೆಲದ ಮೇಲೆ ಇರಬಾರದು. ಬೆಂಕಿ ಅಂದೆ. ಒಣ ಎಲೆ, ಸಿಪ್ಪೆ ಎಂಜಿನ್ ಸುತ್ತ, ಬೇರಿಂಗ್ ಸುತ್ತ ಕೂರುತ್ತದೆ, ಗ್ರೀಸ್ ಇಲ್ಲದ ಬೇರಿಂಗ್ ಕಾಯ್ದು ಕಿಡಿ ಆಗುತ್ತದೆ. ದಿನಕ್ಕೆ ಎರಡು ಸಲವಾದರೂ ನಿಲ್ಲಿಸಿ ಸ್ವಚ್ಛ ಮಾಡಿ. ಬೆಂಕಿ ಆರಿಸುವ ಸಿಲಿಂಡರ್ ಒಂದು ಮಷಿನ್‌ನಲ್ಲಿ ಇರಲಿ.

ಇಷ್ಟೆಲ್ಲ ಮಾಡಿಯೂ ಯಾರದಾದರೂ ಕೈ ಸಿಕ್ಕಿಕೊಂಡರೆ ಮೊದಲು ಎಂಜಿನ್ ಬಂದ್. ರಿವರ್ಸ್ ಹಾಕಿ ತೆಗೆಯಲು ಹೋಗಬೇಡಿ, ಗಾಯ ಇನ್ನೂ ಜಾಸ್ತಿ ಆಗುತ್ತದೆ. 108ಕ್ಕೆ ಫೋನ್ ಮಾಡಿ, ಬೆಂಕಿ ಮತ್ತು ರಕ್ಷಣೆಯವರಿಗೆ 112. ರಕ್ತ ಬರುವ ಜಾಗವನ್ನು ಸ್ವಚ್ಛ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಐಸ್ ಮೇಲೆ ಇಟ್ಟು ಆಸ್ಪತ್ರೆಗೆ ಒಯ್ಯಿರಿ. ಬೆರಳನ್ನು ನೇರವಾಗಿ ಐಸ್‌ಗೆ ಹಾಕಬಾರದು. ಅರಿಶಿಣ, ಕಾಫಿಪುಡಿ ಏನೂ ಹಚ್ಚಬೇಡಿ.

ಪ್ರಶ್ನೆ ಕೇಳಿದವರಲ್ಲಿ ಒಬ್ಬರು ಸೀಸನ್ ಮುಗಿದ ಮೇಲೆ ಹೆಡ್ಡರ್ ಹೇಗೆ ಇಡಬೇಕು ಅಂದರು. ಕೊನೆಯ ಹೊಲ ಮುಗಿದ ದಿನವೇ ಸ್ವಚ್ಛ ಮಾಡಿ, ಮುಂದಿನ ವಾರ ಅಂದರೆ ಆಗುವುದೇ ಇಲ್ಲ. ಸಿಪ್ಪೆ ಉಳಿದರೆ ತೇವ ಹಿಡಿದು ತುಕ್ಕು ಬರುತ್ತದೆ, ಕಾಳು ಉಳಿದರೆ ಇಲಿ ಬಂದು ವೈರ್ ಕಡಿಯುತ್ತವೆ. ಚೈನ್‌ಗೆ ಎಣ್ಣೆ ಹಚ್ಚಿ, ಬಿಗಿ ಸಡಿಲಿಸಿ. ಗಿಯರ್ ಬಾಕ್ಸ್ ಎಣ್ಣೆಯಲ್ಲಿ ನೀರು ಬೆರೆತು ಹಾಲಿನ ಬಣ್ಣ ಬಂದಿದ್ದರೆ ಸೀಲ್ ಹೋಗಿದೆ ಅಂತ ಅರ್ಥ. ಸೂರಿನ ಕೆಳಗೆ, ಮರದ ದಿಮ್ಮಿಯ ಮೇಲೆ ಇಳಿಸಿ ಇಡಿ. ಏನೇನು ಬದಲಿಸಬೇಕು ಅಂತ ಡ್ರೈವರ್‌ನನ್ನು ಅವತ್ತೇ ಕೇಳಿ ಬರೆದಿಡಿ. ಅವನು ಊರಿಗೆ ಹೋದ ಮೇಲೆ ಆ ವಿವರ ಯಾರಿಗೂ ನೆನಪಿರುವುದಿಲ್ಲ.

ಇನ್ನೊಬ್ಬರು ಕೇಳಿದ್ದು, ಹಳೆಯ ಹೆಡ್ಡರ್ ಕೊಳ್ಳುವಾಗ ಏನು ನೋಡಬೇಕು ಅಂತ. ಬಣ್ಣ ನೋಡಬೇಡಿ. ರೋಲರ್ ಬ್ಲೇಡ್ ಅಂಚನ್ನು ನೋಡಿ, ಒಂದೊಂದೇ ಸಾಲಿನ ರೋಲರ್ ಅಲುಗಾಡಿಸಿ ಬೇರಿಂಗ್ ಸವೆದಿದೆಯಾ ನೋಡಿ, ಸ್ಲಿಪ್ ಕ್ಲಚ್‌ಗೆ ವೆಲ್ಡಿಂಗ್ ಆಗಿದೆಯಾ ನೋಡಿ, ಸಾಲಿನ ಅಳತೆ ಟೇಪ್ ಹಿಡಿದು ನೀವೇ ಅಳೆಯಿರಿ. ಶಾಫ್ಟ್ ಕವರ್, ಚೈನ್ ಮೇಲಿನ ಗಾರ್ಡ್, ಸಿಲಿಂಡರ್ ಲಾಕ್ ಮೂರೂ ಇವೆಯಾ ನೋಡಿ. "ಅವು ಬಿಚ್ಚಿಟ್ಟೀವ್ರಿ, ಗೋಡೌನ್‌ನಾಗ ಅದಾವ" ಅಂತ ಹೇಳುತ್ತಾರೆ. ಅವನ್ನು ತಂದು ನಿಮ್ಮ ಕಣ್ಣೆದುರು ಜೋಡಿಸಿದ ಮೇಲೆ ಮುಂಗಡ ಕೊಡಿ.